ಕಳ್ಳನು ಹಣ ಬಿಟ್ಟು ಹೋಗುವನೆ?

ಯಂತ್ರದೊಳಗಿನ ಯಂತ್ರವೊಂದರ ಕಾಯಿಲೆಯ ಕಥೆ

ಬೆಳಗಾವಿಯಿಂದ ಹೊರಟ ಬಸ್ಸು ಉದ್ಯಮಬಾಗದ ಕಾರ್ಖಾನೆಗಳನ್ನು ಹಿಂದೆ ಹಾಕಿ, ಮಚ್ಛೆಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವನ್ನು ದಾಟಿ, ಸುಮಾರು 25 ಕಿಲೋಮೀಟರು ಸಾಗಿ ಖಾನಾಪುರವನ್ನು ಮುಟ್ಟುವ ಹೊತ್ತಿಗೆ ಮಳೆಯ ಸ್ವಭಾವವೇ ಬೇರೆಯಾಗಿರುತ್ತದೆ. ಬೆಳಗಾವಿಯಲ್ಲಿ ಜಿನುಗುತ್ತಿದ್ದುದು ಇಲ್ಲಿ ಸುರಿಯುತ್ತದೆ. ಕಣಕುಂಬಿಯ ಬೆಟ್ಟಗಳಲ್ಲಿ ಹುಟ್ಟಿದ ಮಲಪ್ರಭೆ ಊರ ಪಕ್ಕದಲ್ಲಿ ಕೆಂಪಾಗಿ ಹರಿಯುತ್ತಿರುತ್ತದೆ. 2023ರ ಜುಲೈ ತಿಂಗಳಿನ ಅಂಥದೊಂದು ಮಧ್ಯಾಹ್ನ, ಕೊಡೆಯನ್ನು ಹೊರಗೆ ಒರಗಿಸಿ ನಾನು ಅಲ್ಲಿಯ ಪತ್ತಿನ ಸಹಕಾರ ಸಂಘವೊಂದರ ಮೆಟ್ಟಿಲನ್ನು ಹತ್ತಿದೆ. ಸಂಘದ ಹೆಸರು ಇಲ್ಲಿ ಬೇಡ. ಅದರ ಗಣಕಯಂತ್ರವನ್ನು ಆರು ತಿಂಗಳ ಹಿಂದೆ ಅಣಿಗೊಳಿಸಿಕೊಟ್ಟವನು ನಾನೇ ಎಂಬುದನ್ನು ಮಾತ್ರ ಮೊದಲಿಗೇ ಹೇಳಿಬಿಡಬೇಕು.

ಒಳಗೆ ಐದಾರು ಜನ ಕುಳಿತಿದ್ದರು. ಎದುರಿಗೆ ಗೋಡೆಗೆ ಒರಗಿ ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸಿನ ಹುಡುಗನೊಬ್ಬ ತಲೆ ತಗ್ಗಿಸಿ ನಿಂತಿದ್ದ. ಅವನು ಸಂಘದ ಪಿಗ್ಮಿ ಸಂಗ್ರಾಹಕ. ದಿನವೂ ಅಂಗಡಿ ಅಂಗಡಿಗೆ, ಮನೆ ಮನೆಗೆ ಹೋಗಿ ಇಪ್ಪತ್ತು, ಐವತ್ತು, ನೂರು ರೂಪಾಯಿಗಳನ್ನು ಕೂಡಿಸಿ ತಂದು ಸಂಜೆ ಸಂಘಕ್ಕೆ ಕಟ್ಟುವುದು ಅವನ ಕೆಲಸ. ಬಡವರ ಚಿಲ್ಲರೆ ಹಣವನ್ನು ಮನೆಬಾಗಿಲಿನಲ್ಲಿ ಕೂಡಿಸುವ ಈ ಪದ್ಧತಿಯು 1928ರಲ್ಲಿ ಉಡುಪಿಯ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟಿನವರು ಆರಂಭಿಸಿದ್ದು. ಸಹಕಾರಿ ಸಂಘಗಳಿಗಂತೂ ನಮ್ಮ ಸೀಮೆ ತವರುಮನೆ. ಗದಗದ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿಯೇ ಕೃಷಿ ಪತ್ತಿನ ಸಂಘ ನೋಂದಣಿಯಾಗಿತ್ತು. ಇವೆಲ್ಲವೂ ನಿಂತಿರುವುದು ಒಂದೇ ಒಂದು ನಂಬಿಕೆಯ ಮೇಲೆ: ಕೊಟ್ಟ ಹಣ ಲೆಕ್ಕಕ್ಕೆ ಸೇರಿದೆ ಎಂಬ ನಂಬಿಕೆಯ ಮೇಲೆ.

ಆ ನಂಬಿಕೆಗೆ ಅಂದು ಧಕ್ಕೆ ಬಂದಿದ್ದಿತು. ಮಡಕೆ ಕುಡಿಕೆಗಳನ್ನು ಮಾರುವ ಮುದುಕಿಯೊಬ್ಬಳು ತನ್ನ ರಸೀದಿಗಳನ್ನು ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಜೋಪಾನವಾಗಿ ಇಟ್ಟಿದ್ದಳು. ದಿನಕ್ಕೆ ಐವತ್ತು ರೂಪಾಯಿಯಂತೆ ಎರಡು ದಿನದ ಹಣ, ಅಂದರೆ ನೂರು ರೂಪಾಯಿ, ಅವಳ ಖಾತೆಯಲ್ಲಿ ಕಡಿಮೆ ಬಿದ್ದಿತ್ತು. ಅವಳ ಹಿಂದೆಯೇ ಮತ್ತೆ ಐದು ಜನ ಬಂದರು. ಎಲ್ಲರ ದೂರೂ ಅದೇ, ಎಲ್ಲರ ಹಣವನ್ನೂ ಕೂಡಿಸಿದವನು ಇದೇ ಹುಡುಗ. ರಸೀದಿ ಕೊಟ್ಟಿದ್ದಾನೆ, ಲೆಕ್ಕದಲ್ಲಿ ಹಣವಿಲ್ಲ. ಹೀಗಿರಲು ಜನರ ಮನಸ್ಸು ಎಲ್ಲಿಗೆ ಹೋಗುತ್ತದೆಂದು ವಾಚಕರಿಗೆ ಬೇರೆ ಹೇಳಬೇಕಾಗಿಲ್ಲ.

ಕಾಕಾನ ಕಿರ್ದಿ

ಸಂಘದಲ್ಲಿ ಲೆಕ್ಕ ಬರೆಯುತ್ತ ಮೂವತ್ತೆಂಟು ವರ್ಷ ಕಳೆದ ಹಿರಿಯರೊಬ್ಬರಿದ್ದರು. ಊರೆಲ್ಲ ಅವರನ್ನು ಕಾಕಾ ಎಂದೇ ಕರೆಯುತ್ತಿತ್ತು. ಗಣಕಯಂತ್ರ ಬಂದ ಮೇಲೆಯೂ ಅವರು ತಮ್ಮ ಹಳೆಯ ರೂಢಿಯಂತೆ ಕೈಬರಹದ ಕಿರ್ದಿಯನ್ನು ಬಿಟ್ಟಿರಲಿಲ್ಲ. ಅದನ್ನು ಯಾರೂ ನೋಡುತ್ತಿರಲಿಲ್ಲ. ಯಂತ್ರವು ಎರಡು ನಿಮಿಷದಲ್ಲಿ ಅಚ್ಚು ಹಾಕಿ ಕೊಡುವಾಗ ಮುದುಕರ ಅಕ್ಷರವನ್ನು ಓದುವವರು ಯಾರು?

ಕಾರ್ಯದರ್ಶಿಗಳು ನನ್ನ ಕಡೆಗೆ ತಿರುಗಿ, "ನೀವೇ ಹೇಳ್ರಿ ಸಾಹೇಬ್ರ, ಯಂತ್ರ ಸುಳ್ಳು ಹೇಳ್ತೈತೇನ್ರಿ?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಕಾಕಾ ಕನ್ನಡಕವನ್ನು ಸರಿಪಡಿಸಿಕೊಂಡು ಕಿರ್ದಿಯನ್ನು ಮೇಜಿನ ಮೇಲೆ ಬಿಚ್ಚಿದರು. "ಈ ಎರಡು ದಿನ ತಿಜೋರಿಯೊಳಗ ರೊಕ್ಕ ಹೆಚ್ಚಾಗೇತಿ ಅಂತ ನೀವ ಅನಾಮತ್ತು ಖಾತೆಗೆ ಹಾಕ್ಸೀರಿ. ಒಂದು ದಿನ ಸಾವಿರದ ಆರುನೂರಾ ಐವತ್ತು, ಇನ್ನೊಂದು ದಿನ ಸಾವಿರದ ಒಂಬೈನೂರು. ಈ ಹುಡುಗ ಆ ಎರಡು ದಿನ ತಂದು ಕಟ್ಟಿದ್ದೂ ಅಷ್ಟ ಐತಿ, ನೋಡ್ರಿ. ಕಳ್ಳ ಆದಂವ ರೊಕ್ಕ ಬಿಟ್ಟು ಹೋಗ್ತಾನೇನ್ರಿ?"

ಕೋಣೆ ಸ್ತಬ್ಧವಾಯಿತು. ಹಣ ತಿಜೋರಿಗೆ ಬಂದಿತ್ತು. ಲೆಕ್ಕಕ್ಕೆ ಮಾತ್ರ ಬಂದಿರಲಿಲ್ಲ. ಅಂದರೆ ಕಳೆದುಹೋದದ್ದು ಹಣವಲ್ಲ, ಬರಹ. ಆ ಎರಡು ತಾರೀಖುಗಳ ಪಕ್ಕದಲ್ಲಿ ಕಾಕಾ ಇನ್ನೊಂದು ಟಿಪ್ಪಣಿಯನ್ನೂ ಬರೆದಿದ್ದರು: "ರಾತ್ರಿ 7-40. ಯಂತ್ರ ನಿಂತಿತು. ಗುಂಡಿ ಒತ್ತಿ ಮತ್ತೆ ಚಾಲೂ ಮಾಡಿದರು." ಪುಟಗಳನ್ನು ಹಿಂದಕ್ಕೆ ತಿರುವಿದಾಗ ಅಂಥ ಟಿಪ್ಪಣಿಗಳು ಇನ್ನೂ ನಾಲ್ಕು ದೊರೆತವು. ಒಂದೂ ಏಳೂವರೆಗಿಂತ ಮುಂಚಿನದಲ್ಲ, ಒಂದೂ ಎಂಟು ಗಂಟೆಯ ನಂತರದ್ದಲ್ಲ.

ನನ್ನ ಎದೆ ಒಮ್ಮೆ ಧಸಕ್ಕೆಂದಿತು. ಏಳೂವರೆಗೆ ಸರಿಯಾಗಿ ಆ ದಿನದ ಲೆಕ್ಕದ ಪ್ರತಿಯೊಂದನ್ನು ತೆಗೆದಿಡುವಂತೆ ಯಂತ್ರಕ್ಕೆ ಅಪ್ಪಣೆ ಕೊಟ್ಟಿದ್ದವನು ನಾನು.

ಮನೆಯೊಳಗಿನ ಮನೆ

ಇಲ್ಲಿ ಕಥೆಯನ್ನು ತುಸು ನಿಲ್ಲಿಸಿ ಯಂತ್ರದ ವಿಷಯವನ್ನು ತಿಳಿಸಬೇಕು. ಸಂಘದ ಲೆಕ್ಕದ ಕಾರ್ಯಕ್ರಮ ಹಳೆಯದು, ವಿಂಡೋಸಿನಲ್ಲಿ ಮಾತ್ರ ನಡೆಯತಕ್ಕದ್ದು. ಹಳೆಯ ಯಂತ್ರ ಸವೆದಿದ್ದುದರಿಂದ ಹೊಸದೊಂದನ್ನು ಕೊಂಡು, ಅದರಲ್ಲಿ ಲಿನಕ್ಸ್ ಎಂಬ ಆಡಳಿತ ವ್ಯವಸ್ಥೆಯನ್ನು ಹಾಕಿ, ಅದರ ಒಡಲಿನಲ್ಲಿ ಹಳೆಯ ವಿಂಡೋಸನ್ನು ಹಾಗೆಯೇ ನೆಲೆಗೊಳಿಸಿದ್ದೆ. ಈ ಒಳಗಿನ ಯಂತ್ರಕ್ಕೆ ವರ್ಚುಯಲ್ ಮಷಿನ್ ಎನ್ನುತ್ತಾರೆ. ಮಿಥ್ಯಾಯಂತ್ರವೆಂದು ಕರೆದರೂ ನಡೆದೀತು. ಅದಕ್ಕೆ ತನ್ನದೇ ಆದ ಮೈಯಿಲ್ಲ. ತನಗೊಂದು ಡಿಸ್ಕ್ ಇದೆ, ಸ್ಮರಣೆ ಇದೆ ಎಂದು ಅದು ನಂಬಿಕೊಂಡಿರುತ್ತದೆ. ನಿಜವಾಗಿ ಅದರ ಡಿಸ್ಕ್ ಎಂಬುದು ಹೊರಗಿನ ಯಂತ್ರದಲ್ಲಿರುವ ಒಂದು ದೊಡ್ಡ ಕಡತವಷ್ಟೆ. ಒಬ್ಬರ ದೊಡ್ಡ ಮನೆಯಲ್ಲಿ ಒಂದು ಭಾಗವನ್ನು ಬಾಡಿಗೆಗೆ ಹಿಡಿದ ಸಂಸಾರವು ಅದನ್ನೇ ತನ್ನ ಮನೆಯೆನ್ನುವುದಿಲ್ಲವೆ, ಹಾಗೆ.

ಈ ವಿದ್ಯೆ ನಿನ್ನೆ ಮೊನ್ನೆಯದಲ್ಲ. 1960ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸಿನ ಕೇಂಬ್ರಿಜ್‌ನಲ್ಲಿದ್ದ ಐ.ಬಿ.ಎಂ. ಕೇಂದ್ರದವರು, ಒಂದು ದೊಡ್ಡ ಗಣಕವನ್ನು ಹಲವರಿಗೆ ಹಲವು ಗಣಕಗಳಂತೆ ತೋರಿಸುವ ಉಪಾಯವನ್ನು ಕಂಡುಹಿಡಿದರು. 1972ರಲ್ಲಿ ಅದು ವಿ.ಎಂ./370 ಎಂಬ ಹೆಸರಿನಿಂದ ಮಾರುಕಟ್ಟೆಗೆ ಪ್ರಕಟವಾಯಿತು. 1998ರಲ್ಲಿ ಸ್ಥಾಪನೆಯಾದ ವಿಎಂವೇರ್ ಕಂಪನಿಯು ಅದೇ ಉಪಾಯವನ್ನು ಸಾಮಾನ್ಯ ಮೇಜಿನ ಗಣಕಕ್ಕೆ ಇಳಿಸಿತು. 2007ರಲ್ಲಿ ಕೆ.ವಿ.ಎಂ. ಎಂಬ ವ್ಯವಸ್ಥೆ ಲಿನಕ್ಸಿನ ಅಂಗವೇ ಆದ ಮೇಲೆ, ಸಣ್ಣ ಸಂಘ ಸಂಸ್ಥೆಗಳೂ ಹೆಚ್ಚು ಖರ್ಚಿಲ್ಲದೆ ಇದನ್ನು ಬಳಸಬಲ್ಲವರಾದರು.

ಸಾರಥಿ, ತಟ್ಟೆ ಮತ್ತು ಗಂಟೆ

ಡಿಸ್ಕಿನಲ್ಲಿ ಬರೆಯಬೇಕಾದಾಗ ವಿಂಡೋಸ್ ತಾನೇ ಹೋಗಿ ಬರೆಯುವುದಿಲ್ಲ. ಡ್ರೈವರ್ ಎಂಬ ಸಾರಥಿಯೊಬ್ಬನಿಗೆ ಆ ಕೆಲಸವನ್ನು ಒಪ್ಪಿಸುತ್ತದೆ. ಮಿಥ್ಯಾಯಂತ್ರದಲ್ಲಿ ಈ ಸಾರಥ್ಯವನ್ನು ಎರಡು ಬಗೆಯಲ್ಲಿ ನಡೆಸಬಹುದು. ಮೊದಲನೆಯದು ವೇಷದ ಬಗೆ: ಹೊರಗಿನ ಯಂತ್ರವು ಸಾಟಾ ಎಂಬ ನಿಜವಾದ ಡಿಸ್ಕ್ ಜೋಡಣೆಯ ವೇಷವನ್ನು ಯಥಾವತ್ತಾಗಿ ಹಾಕುತ್ತದೆ. ವಿಂಡೋಸಿನಲ್ಲಿ ಮೊದಲೇ ಇರುವ ಡ್ರೈವರ್ ಅದನ್ನು ನಿಜವೆಂದು ನಂಬಿ ನಡೆಯುತ್ತದೆ. ಇದು ಭದ್ರವಾದದ್ದು, ಆದರೆ ನಿಧಾನ. ಎರಡನೆಯದು ಒಪ್ಪಂದದ ಬಗೆ: ವೇಷವನ್ನು ಬಿಟ್ಟು, ಒಳಗಿನವನೂ ಹೊರಗಿನವನೂ ನೇರವಾಗಿ ಮಾತಾಡಿಕೊಳ್ಳುತ್ತಾರೆ. ಆಸ್ಟ್ರೇಲಿಯದ ರಸ್ಟಿ ರಸೆಲ್ ರೂಪಿಸಿದ ವರ್ಟಿಯೊ ಎಂಬ ಒಪ್ಪಂದ ಈ ಬಗೆಯವುಗಳಲ್ಲಿ ಪ್ರಸಿದ್ಧವಾದದ್ದು.

ಇದನ್ನು ಸಂಘದ ಕಿಟಕಿಯ ಉದಾಹರಣೆಯಿಂದಲೇ ತಿಳಿಯಬಹುದು. ಗುಮಾಸ್ತನ ಮುಂದೆ ಎರಡು ತಟ್ಟೆಗಳಿವೆಯೆಂದು ಇಟ್ಟುಕೊಳ್ಳಿ. ಒಳಗಿನವನು "ಇದನ್ನು ಬರೆ, ಅದನ್ನು ಓದು" ಎಂಬ ಚೀಟಿಗಳನ್ನು ಮೊದಲ ತಟ್ಟೆಯಲ್ಲಿ ಹಾಕಿ ಗಂಟೆ ಬಾರಿಸುತ್ತಾನೆ. ಹೊರಗಿನವನು ಚೀಟಿಗಳನ್ನು ಎತ್ತಿಕೊಂಡು, ಕೆಲಸ ಮುಗಿಸಿ, ಎರಡನೆಯ ತಟ್ಟೆಯಲ್ಲಿ "ಆಯಿತು" ಎಂದು ಬರೆದಿಟ್ಟು ತಾನೂ ಗಂಟೆ ಬಾರಿಸುತ್ತಾನೆ. ಎಷ್ಟೇ ಚೀಟಿಗಳಿದ್ದರೂ ಕೆಲಸ ಸರಾಗವಾಗಿ ಸಾಗುತ್ತದೆ. ಆದರೆ ಜನಜಂಗುಳಿಯ ವೇಳೆಯಲ್ಲಿ ಒಂದು ಗಂಟೆಯ ಸದ್ದು ಕೇಳದೆ ಹೋದರೆ? ಹೊರಗಿನವನು "ನನ್ನ ಕೆಲಸ ಮುಗಿಯಿತು" ಎಂದು ಸುಮ್ಮನೆ ಕುಳಿತಿರುತ್ತಾನೆ. ಒಳಗಿನವನು "ಇನ್ನೂ ಉತ್ತರ ಬರಲಿಲ್ಲ" ಎಂದು ಕಾಯುತ್ತಿರುತ್ತಾನೆ. ಇಬ್ಬರೂ ಪ್ರಾಮಾಣಿಕರೇ, ಇಬ್ಬರ ನಡುವೆ ಮಾತು ಮಾತ್ರ ಮುರಿದಿರುತ್ತದೆ.

ಹೀಗೆ ಎಷ್ಟು ಹೊತ್ತು ಕಾಯಬೇಕೆಂಬುದಕ್ಕೂ ಒಂದು ನಿಯಮವಿದೆ. ವಿಂಡೋಸ್ ಡಿಸ್ಕಿನ ಉತ್ತರಕ್ಕಾಗಿ ಸಾಮಾನ್ಯವಾಗಿ 60 ಸೆಕೆಂಡು ಕಾಯುತ್ತದೆ, ಲಿನಕ್ಸ್ 30 ಸೆಕೆಂಡು. ಅವಧಿ ಮೀರಿದರೆ ವಿಂಡೋಸ್ ಡಿಸ್ಕನ್ನು ಮೊದಲಿನ ಸ್ಥಿತಿಗೆ ತರುವಂತೆ ಅಪ್ಪಣೆ ಮಾಡಿ, ತನ್ನ ದಿನಚರಿಯಲ್ಲಿ 129 ಎಂಬ ಸಂಖ್ಯೆಯ ಎಚ್ಚರಿಕೆಯೊಂದನ್ನು ಬರೆದಿಡುತ್ತದೆ. ಅಷ್ಟು ಹೊತ್ತೂ ಪರದೆ ಕಲ್ಲಿನಂತೆ ನಿಂತಿರುತ್ತದೆ.

ಅಪರಾಧಿಯ ಹುಡುಕಾಟ

ನಾನು ಅಂದು ರಾತ್ರಿ ಖಾನಾಪುರದಲ್ಲಿಯೇ ಉಳಿದೆ. ಮೊದಲ ಸಂಶಯ ವಿದ್ಯುತ್ತಿನ ಮೇಲೆ. ಮಳೆಗಾಲದಲ್ಲಿ ಆ ಸೀಮೆಯಲ್ಲಿ ಕರೆಂಟು ಹೋಗುವುದು ಅಪರೂಪವೇನಲ್ಲ. ಆದರೆ ಹೊರಗಿನ ಯಂತ್ರದ ದಿನಚರಿಯನ್ನು ನೋಡಿದಾಗ, ಕಾಕಾ "ಗುಂಡಿ ಒತ್ತಿದರು" ಎಂದು ಬರೆದ ವೇಳೆಗಳನ್ನು ಬಿಟ್ಟರೆ ಅದು ಒಮ್ಮೆಯೂ ಆರಿರಲಿಲ್ಲ. ಬ್ಯಾಟರಿ ತನ್ನ ಕೆಲಸವನ್ನು ಮಾಡಿತ್ತು. ಎರಡನೆಯ ಸಂಶಯ ಡಿಸ್ಕಿನ ಮೇಲೆ. ಡಿಸ್ಕುಗಳು ತಮ್ಮ ಆರೋಗ್ಯದ ವಿವರವನ್ನು ತಾವೇ ಬರೆದಿಟ್ಟುಕೊಳ್ಳುತ್ತವೆ. ಅಲ್ಲಿಯೂ ಕೆಟ್ಟ ಭಾಗವಿಲ್ಲ, ತಪ್ಪು ಓದಿನ ಗುರುತಿಲ್ಲ. ಹೊರಗಿನ ಲಿನಕ್ಸ್ ಆ ಸಂಜೆಗಳಲ್ಲಿ ಯಾವ ದೂರನ್ನೂ ಹೇಳಿರಲಿಲ್ಲ.

ಆಮೇಲೆ ಒಳಗಿನ ವಿಂಡೋಸಿನ ದಿನಚರಿಯನ್ನು ತೆರೆದೆ. 129, 129, 129! ಕಾಕಾನ ಕಿರ್ದಿಯ ಆರು ಸಂಜೆಗಳೂ ಅಲ್ಲಿದ್ದುವು, ನಿಮಿಷಗಳೂ ತಾಳೆಯಾಗುತ್ತಿದ್ದುವು. ಒಳಗಿನವನು ದೂರುತ್ತಾನೆ, ಹೊರಗಿನವನಿಗೆ ಏನೂ ಗೊತ್ತಿಲ್ಲ. ಆದುದರಿಂದ ದೋಷವು ಇಬ್ಬರ ನಡುವೆ ಓಡಾಡುವ ಸಾರಥಿಯಲ್ಲಿರುವ ಸಂಭವವೇ ಹೆಚ್ಚು.

ಇಲ್ಲಿ ನಾನು ಒಂದು ಅವಿವೇಕ ಮಾಡಿದೆ. ಕಾಯುವ ಅವಧಿಯನ್ನು 60 ಸೆಕೆಂಡಿನಿಂದ 120ಕ್ಕೆ ಏರಿಸಿ, "ಇನ್ನು ತೊಂದರೆ ಇಲ್ಲ ಕಾಕಾ" ಎಂದು ಹೇಳಿ ಬೆಳಗಾವಿಗೆ ಮರಳಿದೆ. ಮೂರು ದಿನ ಶಾಂತವಾಗಿತ್ತು. ನಾಲ್ಕನೆಯ ಸಂಜೆ ಯಂತ್ರ ಮತ್ತೆ ನಿಂತಿತು, ಈ ಸಲ ಮೊದಲಿನ ಎರಡರಷ್ಟು ಹೊತ್ತು. ಬಾರದ ಉತ್ತರಕ್ಕಾಗಿ ಇನ್ನಷ್ಟು ಕಾಯಲು ಕಲಿಸಿದ್ದೆನೇ ಹೊರತು ಉತ್ತರ ಬರುವಂತೆ ಮಾಡಿರಲಿಲ್ಲ. ಈ ಸಲ ಗುಂಡಿಯನ್ನು ಯಾರೂ ಒತ್ತಬಾರದೆಂದು ಹೇಳಿದ್ದುದೊಂದೇ ಪುಣ್ಯ. ಯಂತ್ರ ತಾನಾಗಿ ಎಚ್ಚೆತ್ತಿತು, ಒಂದು ಚೀಟಿಯೂ ಕಳೆಯಲಿಲ್ಲ.

ಆಗ ಕಲಿತ ಪಾಠವೆಂದರೆ, ಜೀವಂತ ಲೆಕ್ಕದ ಮೇಲೆ ಪ್ರಯೋಗ ಮಾಡಬಾರದು. ಮಿಥ್ಯಾಯಂತ್ರದ ದೊಡ್ಡ ಗುಣವೆಂದರೆ ಅದನ್ನು ಕಡತದಂತೆ ನಕಲು ಮಾಡಬಹುದು. ಆಡಳಿತ ಮಂಡಳಿಯವರ ಒಪ್ಪಿಗೆ ಪಡೆದು, ಅದರ ಪ್ರತಿಯೊಂದನ್ನು ಬೆಳಗಾವಿಗೆ ತಂದು, ಬೇರೊಂದು ಗಣಕದಲ್ಲಿ ನಡೆಸಿದೆ. ದೊಡ್ಡ ಕಡತವೊಂದನ್ನು ಮತ್ತೆ ಮತ್ತೆ ನಕಲಿಸುತ್ತ, ಅದೇ ವೇಳೆಯಲ್ಲಿ ಸಾವಿರಾರು ಸಣ್ಣ ಬರಹಗಳನ್ನೂ ಬರೆಯಿಸಿದೆ. ಅಂದರೆ ಖಾನಾಪುರದ ಏಳೂವರೆ ಗಂಟೆಯನ್ನೇ ಇಡೀ ರಾತ್ರಿ ಎಳೆದೆ. ಮೂರನೆಯ ರಾತ್ರಿ ಅದೂ ನಿಂತಿತು. ಗಣಕ ಬೇರೆ, ಡಿಸ್ಕ್ ಬೇರೆ, ವಿದ್ಯುತ್ತು ಬೇರೆ, ಆದರೂ ಕಾಯಿಲೆ ಅದೇ. ರೋಗವು ನನ್ನ ಕಣ್ಣೆದುರಿಗೇ ಕಾಣಿಸಿಕೊಂಡಿತೆಂದು ನನಗೆ ಆದ ಸಂತೋಷವನ್ನು ಕಂಡು ಮನೆಯವರು ನಕ್ಕರು.

ಮುಂದಿನದು ತಾಳ್ಮೆಯ ಕೆಲಸ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ವಾಸಿಮಾಡಿದ್ದು ಯಾವುದೆಂದು ಎಂದಿಗೂ ತಿಳಿಯದು. ಮೊದಲು ಒಪ್ಪಂದದ ಬಗೆಯನ್ನು ಬಿಟ್ಟು ಸಾಟಾ ವೇಷದ ಬಗೆಗೆ ಬದಲಾಯಿಸಿದೆ. ನಾಲ್ಕು ರಾತ್ರಿ ಒಂದೂ 129 ಇಲ್ಲ. ಆದರೆ ಪ್ರತಿ ತೆಗೆಯುವ ಕೆಲಸ ಬಹಳ ನಿಧಾನವಾಯಿತು. ಸಾರಥಿಯೇ ಅಪರಾಧಿಯೆಂಬುದಕ್ಕೆ ಇದು ಬಲವಾದ ಸಾಕ್ಷಿ. ಮತ್ತೆ ಮೊದಲಿನ ಬಗೆಗೆ ಹಿಂದಿರುಗಿ ಡ್ರೈವರಿನ ಆವೃತ್ತಿಯನ್ನು ಮಾತ್ರ ಬದಲಾಯಿಸಿದೆ. ನಾನು ಸಂಘದಲ್ಲಿ ಹಾಕಿದ್ದು ಅಂದಿನ ಅತ್ಯಂತ ಹೊಸ ಆವೃತ್ತಿ. ಅದಕ್ಕಿಂತ ಹಿಂದಿನ, ಬಹುಕಾಲದಿಂದ ಜನರ ಬಳಕೆಯಲ್ಲಿದ್ದ ಆವೃತ್ತಿಯನ್ನು ಹಾಕಿದಾಗ ಆರು ರಾತ್ರಿಗಳು ನಿರ್ವಿಘ್ನವಾಗಿ ಕಳೆದುವು. ಪುನಃ ಹೊಸದನ್ನು ಹಾಕಿದೆ. ಎರಡನೆಯ ರಾತ್ರಿಯೇ ನಿಂತಿತು. ಇನ್ನು ಸಂಶಯಕ್ಕೆ ಎಡೆಯಿರಲಿಲ್ಲ. ಹೊಸದೆಂಬ ಒಂದೇ ಕಾರಣಕ್ಕೆ ಅದನ್ನು ಆರಿಸಿ, ಭಾರ ಹೊರಿಸಿ ಪರೀಕ್ಷಿಸದೆ ಸಂಘಕ್ಕೆ ಕೊಟ್ಟವನು ನಾನು.

ಈ ಹಾದಿಯಲ್ಲಿ ಒಂದು ಗುಂಡಿಯಿದೆ, ಅನೇಕರು ಅದರಲ್ಲಿ ಬೀಳುತ್ತಾರೆ. ಡಿಸ್ಕಿನ ಬಗೆಯನ್ನು ಒಮ್ಮೆಲೇ ಬದಲಾಯಿಸಿದರೆ, ಹೊಸ ಬಗೆಯ ಸಾರಥಿ ಸಿದ್ಧನಿಲ್ಲದ ಕಾರಣ ವಿಂಡೋಸ್ ಏಳುವಾಗಲೇ ನೀಲಿ ಪರದೆಯನ್ನು ತೋರಿಸಿ ಮಲಗಿಬಿಡುತ್ತದೆ. ತಾನು ಯಾವುದರಿಂದ ಏಳಬೇಕೋ ಆ ಡಿಸ್ಕೇ ಕೈಗೆ ಸಿಗುತ್ತಿಲ್ಲವೆಂಬುದು ಆ ಪರದೆಯ ಅಳಲು. ಇದಕ್ಕೆ ಉಪಾಯ ಸುಲಭ. ಮೊದಲು ಹೊಸ ಬಗೆಯ ಚಿಕ್ಕ ಖಾಲಿ ಡಿಸ್ಕೊಂದನ್ನು ಎರಡನೆಯದಾಗಿ ಜೋಡಿಸಬೇಕು. ವಿಂಡೋಸ್ ಅದನ್ನು ಗುರುತಿಸಿ ಸಾರಥಿಯನ್ನು ಒಳಕ್ಕೆ ಕರೆದುಕೊಳ್ಳುತ್ತದೆ. ಆಮೇಲೆ ಯಂತ್ರವನ್ನು ಕ್ರಮವಾಗಿ ನಿಲ್ಲಿಸಿ ಮುಖ್ಯ ಡಿಸ್ಕನ್ನು ಬದಲಾಯಿಸಬೇಕು. ಇದೆಲ್ಲದಕ್ಕೂ ಮೊದಲು ಸಮಗ್ರ ಪ್ರತಿಯೊಂದನ್ನು ಬೇರೆ ಡಿಸ್ಕಿನಲ್ಲಿ ತೆಗೆದಿಟ್ಟಿರಬೇಕು. ಅದೇ ಡಿಸ್ಕಿನಲ್ಲಿ ಕುಳಿತಿರುವ ಕ್ಷಣಚಿತ್ರವನ್ನು ಪ್ರತಿಯೆಂದು ನಂಬುವುದು, ತಿಜೋರಿಯ ಬೀಗದ ಕೈಯನ್ನು ತಿಜೋರಿಯೊಳಗೇ ಇಟ್ಟ ಹಾಗೆ.

ಆ ಹುಡುಗನದೇ ಏಕೆ?

ಉಳಿದ ಸಂಗ್ರಾಹಕರ ಚೀಟಿಗಳು ಏಕೆ ಕಳೆಯಲಿಲ್ಲವೆಂಬ ಪ್ರಶ್ನೆ ವಾಚಕರಿಗೆ ಬಂದಿರಬಹುದು. ಮಂಡಳಿಯವರೂ ಅದನ್ನೇ ಕೇಳಿದರು. ಉತ್ತರ ಸರಳವಾದದ್ದು. ಹುಡುಗನ ಪಾಲಿಗೆ ಬಂದಿದ್ದುದು ಊರಿನ ಹೊರಗಿನ ಓಣಿಗಳು. ಮಳೆಯಲ್ಲಿ ಸೈಕಲ್ಲು ತುಳಿದು ಅವನು ಎಲ್ಲರಿಗಿಂತ ಕೊನೆಗೆ, ಏಳು ಗಂಟೆಯ ಮೇಲೆ ಬರುತ್ತಿದ್ದ. ಹಣವನ್ನು ಎಣಿಸಿ ಕಾಕಾ ಕಿರ್ದಿಯಲ್ಲಿ ಬರೆದುಕೊಂಡು ತಿಜೋರಿಗೆ ಸೇರಿಸುತ್ತಿದ್ದರು. ಬಳಿಕ ಅವನ ಚೀಟಿಗಳ ಕಟ್ಟನ್ನು ಯಂತ್ರಕ್ಕೆ ಉಣಿಸುವ ಹೊತ್ತಿಗೆ ಸರಿಯಾಗಿ ಏಳೂವರೆಯಾಗುತ್ತಿತ್ತು. ಆ ಹಳೆಯ ಕಾರ್ಯಕ್ರಮವು ಒಂದು ಕಟ್ಟಿನ ಚೀಟಿಗಳನ್ನೆಲ್ಲ ಕೊನೆಗೆ ಒಮ್ಮೆಲೇ ಡಿಸ್ಕಿಗೆ ಬರೆಯುತ್ತಿತ್ತು. ಪರದೆಯ ಮೇಲೆ ಹತ್ತೊಂಬತ್ತು ಹೆಸರುಗಳೂ ಮೂಡಿರುತ್ತಿದ್ದವು. ಆದರೆ ಡಿಸ್ಕಿನ ತಟ್ಟೆಗೆ ಒಂದೂ ಇಳಿದಿರುತ್ತಿರಲಿಲ್ಲ. ಯಂತ್ರ ನಿಂತಾಗ ಬೇಸತ್ತು ಯಾರೋ ಗುಂಡಿಯನ್ನು ಒತ್ತಿ ಹಿಡಿದರೆ, ಆ ಕಟ್ಟು ಪೂರ್ತಿಯಾಗಿ ಮಾಯ. ಮರುದಿನ ಎಲ್ಲರೂ ಬರೆದಾಯಿತೆಂದೇ ತಿಳಿದಿದ್ದರು. ಉಳಿದ ನಾಲ್ಕು ಸಂಜೆಗಳಲ್ಲಿ ಕಟ್ಟು ಮೊದಲೇ ಡಿಸ್ಕಿಗೆ ಸೇರಿದ್ದುದರಿಂದ ಹಾನಿಯಾಗಿರಲಿಲ್ಲ.

ಹಳೆಯ ಆವೃತ್ತಿಯ ಡ್ರೈವರನ್ನು ಆಗಸ್ಟಿನ ಒಂದು ಭಾನುವಾರ ಸಂಘದ ಯಂತ್ರಕ್ಕೆ ಹಾಕಿದೆ. ಕಾಯುವ ಅವಧಿಯನ್ನು ಮತ್ತೆ 60 ಸೆಕೆಂಡಿಗೇ ಇಳಿಸಿದೆ. ಪ್ರತಿ ತೆಗೆಯುವ ವೇಳೆಯನ್ನು ರಾತ್ರಿ ಹತ್ತಕ್ಕೆ ಸರಿಸಿದೆ. ಒಂದೊಂದು ಚೀಟಿಯನ್ನೂ ಆಗಲೇ ಬರೆದುಬಿಡುವಂತೆ ಕಾರ್ಯಕ್ರಮದ ಏರ್ಪಾಟನ್ನು ಬದಲಾಯಿಸಲಾಯಿತು. ಗುಂಡಿಯ ಮೇಲೆ ಕಾಕಾ ತಾವೇ ಕಾಗದದ ತುಂಡೊಂದನ್ನು ಅಂಟಿಸಿ "ಕೇಳದೆ ಒತ್ತಬಾರದು" ಎಂದು ಬರೆದರು. ನಲವತ್ತೊಂದು ಚೀಟಿಗಳನ್ನು, ಒಟ್ಟು 3,550 ರೂಪಾಯಿಗಳನ್ನು, ಅನಾಮತ್ತು ಖಾತೆಯಿಂದ ತೆಗೆದು ಅವರವರ ಖಾತೆಗಳಿಗೆ ಸೇರಿಸಿದೆವು.

ಮರುವರ್ಷ, 2024ರ ಜುಲೈ 19ರಂದು, ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ಕಾರ್ಯಕ್ರಮದ ದೋಷಯುಕ್ತ ನವೀಕರಣದಿಂದ ಜಗತ್ತಿನಾದ್ಯಂತ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಮಲಗಿದುವು. ಮೈಕ್ರೋಸಾಫ್ಟ್ ಕಂಪನಿಯ ಅಂದಾಜಿನಂತೆ ಅವುಗಳ ಸಂಖ್ಯೆ 85 ಲಕ್ಷ. ಅದು ಡಿಸ್ಕಿನ ಡ್ರೈವರಲ್ಲ, ಆದರೆ ಅದರಂತೆಯೇ ಯಂತ್ರದ ಗರ್ಭಗುಡಿಯಲ್ಲಿ ಕುಳಿತು ಕೆಲಸ ಮಾಡುವ ಜಾತಿಯದು. ಅಲ್ಲಿ ಕುಳಿತವನ ಕಾಲು ಜಾರಿದರೆ ಇಡೀ ಯಂತ್ರವೇ ಉರುಳುತ್ತದೆ. ಅಂದು ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಯಿಂದ ಬರೆದ ಬೋರ್ಡಿಂಗ್ ಪಾಸುಗಳನ್ನು ಕೊಟ್ಟರು. ಆ ಚಿತ್ರವನ್ನು ವರ್ತಮಾನ ಪತ್ರಿಕೆಯಲ್ಲಿ ಕಂಡಾಗ ನನಗೆ ಕಾಕಾನ ಕಿರ್ದಿಯ ನೆನಪಾಯಿತು.

ಕೊನೆಯ ಮಾತು

ಲೆಕ್ಕ ಸರಿಯಾದ ದಿನ ಆಡಳಿತ ಮಂಡಳಿಯ ಸಭೆ ಸೇರಿತು. ತಪ್ಪು ಯಾರದೆಂದು ಹೇಳುವ ಸರದಿ ನನ್ನದಾಗಿತ್ತು. "ತಪ್ಪು ನನ್ನದು. ಪರೀಕ್ಷಿಸದ ವಸ್ತುವನ್ನು ನಿಮಗೆ ಕೊಟ್ಟೆ. ಈ ಹುಡುಗನಿಗೆ ನಿಮ್ಮೆಲ್ಲರೆದುರು ಕ್ಷಮೆ ಕೇಳುತ್ತೇನೆ" ಎಂದೆ. ಕಾರ್ಯದರ್ಶಿಗಳು ಎದ್ದು ನಿಂತು, ಹುಡುಗನ ಭುಜದ ಮೇಲೆ ಕೈಯಿಟ್ಟು, "ನಾನೂ ತಪ್ಪಿದೆ ತಮ್ಮಾ, ಮನಸಿನ್ಯಾಗ ಇಟ್ಕೋಬ್ಯಾಡ" ಎಂದರು. ಅವನು ಏನನ್ನೂ ಹೇಳಲಿಲ್ಲ. ಚೀಲವನ್ನು ಹೆಗಲಿಗೇರಿಸಿಕೊಂಡು ತನ್ನ ಓಣಿಗಳ ಕಡೆಗೆ ಹೊರಟ. ಆ ಮೂರು ವಾರ ಜನ ಅವನ ಕೈಗೆ ಹಣ ಕೊಡಲು ಹಿಂಜರಿದಿದ್ದರು. ಮಡಕೆ ಮಾರುವ ಮುದುಕಿ ಮಾತ್ರ ಒಂದು ದಿನವೂ ತಪ್ಪಿಸಿರಲಿಲ್ಲವಂತೆ.

ಈಗ ಸಂಘದಲ್ಲಿ ಪ್ರತಿ ಸಂಜೆ ಯಂತ್ರದ ಅಚ್ಚಿನ ಹಾಳೆಯನ್ನೂ ಕಿರ್ದಿಯನ್ನೂ ಅಕ್ಕಪಕ್ಕದಲ್ಲಿಟ್ಟು ತಾಳೆ ನೋಡುತ್ತಾರೆ. ಎರಡರ ಮೊತ್ತವೂ ಒಂದೇ ಆದ ಮೇಲೆಯೇ ಬಾಗಿಲಿಗೆ ಬೀಗ. ಕಾಕಾ ನಿವೃತ್ತರಾಗಿದ್ದಾರೆ. ಕಿರ್ದಿಯನ್ನು ಬರೆಯುವವನು ಈಗ ಆ ಹುಡುಗನೇ.